ಮುಂದಿನ ಚಕ್ರ ಎಳೆಯುವ ಕಾರು

ವೇದಿಕೆಯಲ್ಲಿರುವ ಅಧ್ಯಕ್ಷರಾದ ಉದಯ ಅವರೇ, ಮಳೆಯಲ್ಲಿ ಮೈಸೂರಿನಿಂದ ಬಂದಿರುವ ಮುಖ್ಯ ಅತಿಥಿಗಳೇ, ಸಂಘದ ಕಾರ್ಯದರ್ಶಿಗಳೂ ನನ್ನ ಯಜಮಾನರೂ ಆದ ಮೊಣ್ಣಪ್ಪನವರೇ, ಊಟದ ಪರಿಮಳ ಬಂದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ, ತಾಯಿ ಕಾವೇರಮ್ಮನನ್ನು ನೆನೆದು ನಿಮ್ಮೆಲ್ಲರಿಗೂ ವಂದಿಸುತ್ತೇನೆ. ಹೊರಗೆ ತೊಳೆದು ಒರೆಸಿ ಸಾಲಾಗಿ ನಿಲ್ಲಿಸಿರುವ ಕಾರುಗಳಿಗೂ ವಂದನೆ. ಅವನ್ನು ಬಿಟ್ಟರೆ ಇಲ್ಲಿ ಕೆಲವರಿಗೆ ಬೇಸರವಾದೀತು.

ನಮ್ಮ ವಾರ್ಷಿಕೋತ್ಸವದಲ್ಲಿ ಹೆಂಗಸರಿಗೆ ಎರಡು ಕೆಲಸ. ಮೊದಲಿಗೆ ಪ್ರಾರ್ಥನೆ, ಕೊನೆಗೆ ವಂದನಾರ್ಪಣೆ. ಮಧ್ಯದ್ದೆಲ್ಲ ಗಂಡಸರದ್ದು. ಈ ವರ್ಷ ವಂದನಾರ್ಪಣೆ ನನ್ನ ಪಾಲಿಗೆ ಬಂದಿದೆ. ಐದು ನಿಮಿಷ ಸಾಕು ಅಂದಿದ್ದಾರೆ. ಅಧ್ಯಕ್ಷರಿಗೂ ಐದೇ ನಿಮಿಷ ಅಂತ ಹೇಳಿದ್ದರು, ನೋಡಿದಿರಲ್ಲ.

ಇದು ಒಂದೇ ಕಂಪನಿಯ ಕಾರು ಇಟ್ಟವರ ಸಂಘ. ಕಂಪನಿಯ ಹೆಸರು ನಾನು ಹೇಳುವ ಅಗತ್ಯವಿಲ್ಲ. ಬ್ಯಾನರಿನಲ್ಲಿ ದೇವರ ಫೋಟೋಗಿಂತ ದೊಡ್ಡದಾಗಿ ಅದರ ಚಿಹ್ನೆ ಇದೆ. ಅಧ್ಯಕ್ಷರು ಇವತ್ತು ಬಹಳ ನೊಂದು ಮಾತನಾಡಿದರು. ಏನು ಅವರ ನೋವು? ಇಷ್ಟು ಕಾಲ ಉದ್ದ ಮೂತಿಯ, ಹಿಂದಿನ ಚಕ್ರ ತಳ್ಳುವ ಕಾರು ಮಾಡುತ್ತಿದ್ದ ನಮ್ಮ ಕಂಪನಿ, ಈಗ ಮೋಟು ಮೂತಿಯ, ಎತ್ತರದ, ಮುಂದಿನ ಚಕ್ರ ಎಳೆಯುವ ಚಿಕ್ಕ ಕಾರು ಮಾಡಿದೆ. ಹೆಂಡತಿ ಮಕ್ಕಳು, ತರಕಾರಿ ಚೀಲ, ಅಜ್ಜಿಯ ಊರುಗೋಲು ಎಲ್ಲ ಹಿಡಿಸಲಿ ಅಂತ ಮಾಡಿದ ಕಾರು. ಮನೆತನದ ಮಾನ ಹೋಯಿತು ಅಂದರು ಅಧ್ಯಕ್ಷರು. ಕರವಸ್ತ್ರವನ್ನೂ ತೆಗೆದರು. ಅವರ ಮಾವ ತೀರಿಹೋದಾಗ ನಾನು ಆ ಮನೆಗೆ ಹೋಗಿದ್ದೆ. ಆಗ ಕರವಸ್ತ್ರ ಕಂಡ ನೆನಪಿಲ್ಲ.

ನನ್ನ ವಂದನೆ ಮುಗಿದ ಕೂಡಲೇ ಒಂದು ಠರಾವಿಗೆ ಕೈ ಎತ್ತಬೇಕಂತೆ. ಇಂಥ ಕಾರು ಕೊಂಡವರು ಸಂಘದಲ್ಲಿ ಇರಬಾರದು ಅಂತ. ಅದನ್ನು ಬರೆದವರು ನಮ್ಮ ಯಜಮಾನರು. ಅವರ ಅಕ್ಷರ ದುಂಡಗಿದೆ. ಅದಕ್ಕೂ ಒಂದು ವಂದನೆ.

ಸಭಿಕರೇ, ನಾನು ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಎಂಜಿನ್ನಿನ ವಿಷಯ ನನಗೆ ತಿಳಿಯದು. ಆದರೆ ಹಿಂದಿನ ಚಕ್ರ ತಳ್ಳುವ ಕಾರು ಅಂದರೇನು ಅಂತ ಈ ಸಭೆಯ ಹೆಂಗಸರಿಗೆ ಗೊತ್ತಿರುವಷ್ಟು ಗಂಡಸರಿಗೆ ಗೊತ್ತಿದೆಯೇ? ಅಂಥ ಕಾರಿನಲ್ಲಿ ಮುಂದಿನ ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಒಂದು ಕಬ್ಬಿಣದ ಶಾಫ್ಟ್ ಹೋಗುತ್ತದೆ. ಅದಕ್ಕೆ ಜಾಗ ಬಿಡಲಿಕ್ಕೆ ಹಿಂದಿನ ಸೀಟಿನ ಬುಡದಲ್ಲಿ, ನಟ್ಟನಡುವೆ, ನೆಲ ದಿಣ್ಣೆಯ ಹಾಗೆ ಎದ್ದಿರುತ್ತದೆ. ಆ ದಿಣ್ಣೆಯ ಹತ್ತಿರ ಕೂರುವವರು ಯಾರು? ಮುಂದೆ ಮಾವ ಮತ್ತು ಗಂಡ. ಹಿಂದೆ ಒಂದು ಕಿಟಕಿ ಅತ್ತೆಗೆ, ಇನ್ನೊಂದು ನಾದಿನಿಗೆ. ದಿಣ್ಣೆ ಸೊಸೆಗೆ. ಮದುವೆಯ ದಿನ, ಧಾರೆ ಸೀರೆಯಲ್ಲಿ, ಒಂದು ಕಾಲು ಆಚೆ ಒಂದು ಕಾಲು ಈಚೆ ಹಾಕಿ ಕೂತು ಗಂಡನ ಮನೆಗೆ ಬಂದವಳು ನಾನು. ಇಳಿದಾಗ ಕಾಲಿಗೆ ಜೋಮು ಹಿಡಿದು ಹೊಸ್ತಿಲು ದಾಟಲು ಆಗಲಿಲ್ಲ. ಹುಡುಗಿಗೆ ಎಷ್ಟು ನಾಚಿಕೆ ಅಂತ ಎಲ್ಲರೂ ಮೆಚ್ಚಿಕೊಂಡರು.

ಇನ್ನು ಮಳೆಗಾಲ. ನಮ್ಮ ಮನೆ ಚೇರಂಬಾಣೆ ಕಡೆ, ಗುಡ್ಡದ ಮೇಲೆ. ಟಾರು ರಸ್ತೆಯಿಂದ ಅಂಗಳದವರೆಗೆ ಕೆಂಪು ಮಣ್ಣಿನ ಏರು. ಮಳೆ ಹಿಡಿಯಿತೋ, ಭಾರ ಸಾಲದೆ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ. ಆಗ ಡಿಕ್ಕಿಗೆ ಗೊಬ್ಬರದ ಚೀಲ ಹಾಕುವುದು, ಅದೂ ಸಾಲದಿದ್ದರೆ ಮನೆಯ ಹೆಂಗಸರನ್ನು ಹಿಂದೆ ತುಂಬುವುದು ನಮ್ಮ ಕಡೆಯ ಪದ್ಧತಿ. ಒಂದು ವರ್ಷ ನಾನು ಸ್ವಲ್ಪ ದಪ್ಪಗಾಗಿದ್ದೆ. ಯಜಮಾನರು ಏರಿನ ಬುಡದಲ್ಲಿ ನನ್ನನ್ನು ನೋಡಿ, ಈ ಸಲ ಚೀಲ ಬೇಡ ಅಂದರು. ಮದುವೆಯಾದ ಮೇಲೆ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಅಲ್ಲಿ ಹಿಂದಿನ ಸಾಲಿನಲ್ಲಿ ನಗುತ್ತಿರುವ ಬೋಜಮ್ಮಕ್ಕ, ನಿಮ್ಮ ಮನೆಯಲ್ಲೂ ಹೀಗೆಯೇ ಅಂತ ನನಗೆ ಗೊತ್ತು.

ತಮಾಷೆ ಇರಲಿ. ಕಳೆದ ವರ್ಷ ನಮ್ಮ ಅತ್ತೆಗೆ ಎರಡೂ ಮೊಣಕಾಲಿನ ಆಪರೇಷನ್ ಆಯಿತು. ನಮ್ಮ ಕಾರಿಗೆ ಹತ್ತುವುದು ಅಂತ ಇಲ್ಲ, ಬಾವಿಗೆ ಇಳಿದ ಹಾಗೆ ಇಳಿಯಬೇಕು. ಅವರ ಕಾಲು ಅಷ್ಟು ಮಡಚುವುದಿಲ್ಲ. ಬಾಡಿಗೆ ಜೀಪಿಗೆ ಹತ್ತಿಸೋಣ ಅಂದರೆ ಅಷ್ಟು ಎತ್ತರಕ್ಕೆ ಏಳುವುದಿಲ್ಲ. ತುಲಾ ಸಂಕ್ರಮಣಕ್ಕೆ ಭಾಗಮಂಡಲಕ್ಕೆ ಹೋಗಿ ಸಂಗಮದಲ್ಲಿ ಮುಳುಗದೆ ಅವರು ಒಂದು ವರ್ಷವೂ ಇದ್ದವರಲ್ಲ. ಕಳೆದ ಸಂಕ್ರಮಣಕ್ಕೆ ಅಂಗಳದಲ್ಲಿ ಕೂತು, ರಸ್ತೆಯಲ್ಲಿ ಹೋಗುವ ಬಸ್ಸುಗಳ ಸದ್ದು ಕೇಳಿದರು. ನಮಗೆ ಭಾಗಮಂಡಲ ದೂರವಿಲ್ಲ. ದೂರ ಇರುವುದು ಟಾರು ರಸ್ತೆ.

ಯಜಮಾನರು ಕೆಟ್ಟ ಮಗನಲ್ಲ. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಇಳಿಸುತ್ತೇವೆ ಅಂದರು. ಅತ್ತೆ ನಮ್ಮ ಅರೆಭಾಷೆಯಲ್ಲಿ ಹೇಳಿದ್ದನ್ನು ಹಾಗೆಯೇ ಹೇಳುತ್ತೇನೆ. "ನಂಗೆ ಬೊತ್ತು ಮೊಣ್ಣ. ನಾಲ್ಕ್ ಜನ ಹೊತ್ತ್‌ಕಂಡ್ ಈ ಏರು ಇಳ್ಸುದು ಒಂದೇ ಸಲ." ಬೇಡ ಅಂದರೆ ಬೇಡ.

ಕೊನೆಗೆ ಕಳೆದ ತಿಂಗಳು ನಾನೇ ಶೋರೂಮಿಗೆ ಫೋನ್ ಮಾಡಿದೆ. ಅನಿಲ್‌ಕುಮಾರ್ ಅಂತ ಅಲ್ಲಿಯ ಹುಡುಗ, ನೋಡಲಿಕ್ಕೆ ಅಂತ ಆ ಹೊಸ ಕಾರು ತಂದ. ಅತ್ತೆ ಬಗ್ಗಲೂ ಇಲ್ಲ, ಏರಲೂ ಇಲ್ಲ. ಅಡುಗೆಮನೆಯ ಕುರ್ಚಿಯಲ್ಲಿ ಕೂರುವ ಹಾಗೆ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ದಿಣ್ಣೆಯೇ ಇಲ್ಲ. ಎಳೆಯುವುದು ಮುಂದಿನ ಚಕ್ರವಾದ ಮೇಲೆ ಹಿಂದಕ್ಕೆ ಶಾಫ್ಟ್ ಯಾಕೆ? ನಾನು ಕಾಲು ನೀಡಿಕೊಂಡು ಕೂತೆ. ಯಜಮಾನರೇ ಓಡಿಸಿದರು. ಚೇರಂಬಾಣೆ ಪೇಟೆ ಸುತ್ತಿ ಬಂದೆವು. ಅತ್ತೆ ಕಂಡವರಿಗೆಲ್ಲ ಕೈ ಬೀಸಿದರು.

ವಾಪಸು ಬರುವಾಗ ಮಳೆ. ಏರಿನ ಬುಡದಲ್ಲಿ ಯಜಮಾನರು ಕಾರು ನಿಲ್ಲಿಸಿ, ಪದ್ಧತಿಯಂತೆ ಶೆಡ್ಡಿನಿಂದ ಗೊಬ್ಬರದ ಚೀಲ ತರಿಸಿ ಡಿಕ್ಕಿಗೆ ಹಾಕಿಸಿದರು. ಹೊಸ ಕಾರಿನ ಡಿಕ್ಕಿ ದೊಡ್ಡದು, ಧಾರಾಳವಾಗಿ ಹಾಕಿಸಿದರು. ಅನಿಲ್‌ಕುಮಾರನ ಮುಖ ನೋಡಲಾಗುತ್ತಿರಲಿಲ್ಲ. ಹೊರಟರೆ ಕಾರು ಮೂತಿ ಮೇಲೆತ್ತಿ, ಮುಂದಿನ ಚಕ್ರ ಗಿರ್ರನೆ ತಿರುಗಿಸಿ, ಹಿಂದಕ್ಕೆ ಜಾರಿತು. ಎರಡನೇ ಸಲವೂ ಅಷ್ಟೇ. ಠರಾವಿನ ವಿಷಯ ಮಾತನಾಡಲು ಪೊನ್ನಂಪೇಟೆಯಿಂದ ಬಂದಿದ್ದ ನಮ್ಮ ಅಧ್ಯಕ್ಷರು ಕೊಡೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಎಂಥ ಸಂತೋಷ ಅವರಿಗೆ! ಇದು ಪೇಟೆಯ ಹೆಂಗಸರು ಸಂತೆಗೆ ಹೋಗುವ ಕಾರು, ಕೊಡಗಿನ ಏರಿಗಲ್ಲ ಅಂದರು. ಅತ್ತೆ ಸೀಟಿನಲ್ಲಿ ಕೂತು ಏರಿನ ತುದಿ ನೋಡುತ್ತಿದ್ದರು. ಇನ್ನು ಕುರ್ಚಿಯೇ ಗತಿ ಅಂತ ಅವರಿಗೆ ಅನ್ನಿಸಿರಬೇಕು.

ನನಗೆ ಒಂದೇ ಯೋಚನೆ ಬಂತು. ಇಷ್ಟು ವರ್ಷ ನಾನು ಕಾರಿನಲ್ಲಿ ಮಾಡಿದ ಕೆಲಸ ಭಾರವಾಗಿ ಕೂರುವುದು. ತಳ್ಳುವ ಚಕ್ರದ ಮೇಲೆ ಭಾರ ಬೇಕು ಅಂತ ತಾನೇ ಕೂರಿಸಿದ್ದು? ಹಾಗಾದರೆ ಎಳೆಯುವ ಚಕ್ರದ ಮೇಲೂ ಬೇಕಲ್ಲ? ಚೀಲ ಇಳಿಸಿ, ಭಾರ ಮುಂದೆ ಹಾಕಿ ಅಂದೆ. ಮುಂದೆ ಎಲ್ಲಿ ಹಾಕುವುದು ಅಂತ ಯಜಮಾನರು ಕೇಳಿದರು. ನಾನು ಅಧ್ಯಕ್ಷರ ಕಡೆ ನೋಡಿದೆ.

ಹೌದು, ಸಭಿಕರೇ. ನಮ್ಮ ಅಧ್ಯಕ್ಷರು ಬಾನೆಟ್ಟಿನ ಮೇಲೆ ಕೂತರು. ಹಿರಿಯರೊಬ್ಬರು ಮಳೆಯಲ್ಲಿ ಮನೆ ಸೇರಬೇಕು ಅಂದಾಗ ಇಲ್ಲ ಅನ್ನುವವರಲ್ಲ ಅವರು. ಹೃದಯ ದೊಡ್ಡದು, ದೇಹವೂ ದೊಡ್ಡದು. ಹಿಡಿಯಲು ಬೇರೇನೂ ಸಿಗದೆ ವೈಪರ್ ಹಿಡಿದುಕೊಂಡರು. ಅನಿಲ್‌ಕುಮಾರ್ ಆ ಕಡೆ ತಿರುಗಿ ಮೆಣಸಿನ ಬಳ್ಳಿ ನೋಡತೊಡಗಿದ. ಕಾರು ಒಮ್ಮೆ ಕೆಸರು ಹಾರಿಸಿ, ಮಣ್ಣು ಕಚ್ಚಿ, ಹತ್ತಿಯೇಬಿಟ್ಟಿತು. ಅರ್ಧ ಏರಿನಲ್ಲಿ ಅತ್ತೆ ಗಾಜು ತಟ್ಟಿ, "ಉದಯ, ಚೂರು ಈಚೆ ಸರಿ, ದಾರಿ ಕಾಣ್ದಿಲೆ" ಅಂದರು.

ಅಂಗಳದಲ್ಲಿ ಇಳಿದ ಮೇಲೆ ಅತ್ತೆ ಸೀಟು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಸಂಕ್ರಮಣಕ್ಕೆ ಹೋಗಬಹುದಲ್ಲ ಅಂತ ಮಗನನ್ನು ಕೇಳಿದರು. ಮಗ, ಸಂಘದ ಸಭೆ ಆಗಲಿ, ನೋಡುವ ಅಂದರು. ಅವತ್ತಿನಿಂದ ಬೆಳಿಗ್ಗೆ ಎದ್ದ ಕೂಡಲೇ ಅತ್ತೆ ನನ್ನನ್ನು ಕೇಳುವುದು ಒಂದೇ ಮಾತು. ಮೊಣ್ಣ ಏನಾದರೂ ಹೇಳಿದನಾ? ನಾನು ಇಲ್ಲ ಅನ್ನುತ್ತೇನೆ. ಅವರು ಮತ್ತೆ ಜಪಕ್ಕೆ ಕೂರುತ್ತಾರೆ. ನನಗೆ ಕಾವೇರಮ್ಮನಲ್ಲಿ ನಂಬಿಕೆ ಇದೆ. ಸಂಕ್ರಮಣಕ್ಕೆ ಅವಳು ತಲಕಾವೇರಿಯಲ್ಲಿ ಬಂಡೆಯ ನಡುವಿನಿಂದ ಬರುತ್ತಾಳೆ, ಆದರೆ ನಮ್ಮ ಏರು ಹತ್ತಿ ಅಡುಗೆಮನೆಗೆ ಬರಲಿ ಅಂತ ಕೇಳಲು ನನಗೆ ಬಾಯಿ ಬರುವುದಿಲ್ಲ.

ಮುಂದಿನ ತಿಂಗಳು ಸಂಕ್ರಮಣ. ಇವತ್ತು ಸಂಜೆಯೊಳಗೆ ಶೋರೂಮಿಗೆ ಒಪ್ಪಿಗೆ ಹೇಳಿದರೆ ಅದಕ್ಕೆ ಮೊದಲು ಕಾರು ಬರುತ್ತದಂತೆ. ಈಗ ಠರಾವಿಗೆ ಕೈ ಎತ್ತುವ ಹೊತ್ತು. ಸಂಘವೋ, ಸಂಗಮವೋ ಅಂತ ನಾನು ಯಾರನ್ನೂ ಕೇಳುವುದಿಲ್ಲ. ಒಂದು ವಿಷಯ ಮಾತ್ರ ತಿಳಿಸಬೇಕು. ಯಾವುದೋ ಚಿಕ್ಕ ಕಾರು ಗೇಟಿಗೆ ಅಡ್ಡ ನಿಂತಿದೆ, ತೆಗೆಯಿರಿ ಅಂತ ಆಗಲೇ ಮೈಕಿನಲ್ಲಿ ಕೂಗಿದರಲ್ಲ, ಅದು ಅನಿಲ್‌ಕುಮಾರ್ ತಂದ ಕಾರು. ಮುಂದಿನ ಸೀಟಿನಲ್ಲಿ ನಮ್ಮ ಅತ್ತೆ ಕೂತಿದ್ದಾರೆ. ಒಳಗೆ ಬನ್ನಿ ಅಂತ ನಾನು ಕರೆದೆ. ಮಗ ಬಂದು ಕರೆಯಲಿ ಅಂದರು.

ಈಗ ವಂದನೆ. ಮುಖ್ಯ ಅತಿಥಿಗಳಿಗೆ, ಹಾಲ್ ಕೊಟ್ಟವರಿಗೆ, ಮೈಕಿನವರಿಗೆ, ಅಡುಗೆಯವರಿಗೆ...

ಯಜಮಾನರು ಎದ್ದಿದ್ದಾರೆ. ದಯವಿಟ್ಟು ಸ್ವಲ್ಪ ಜಾಗ ಬಿಡಿ. ಊಟದ ಹಾಲ್ ಬಲಕ್ಕೆ, ಅಲ್ಲವೇ? ಅವರು ಗೇಟಿನ ಕಡೆ ಹೋಗುತ್ತಿದ್ದಾರೆ. ಕೊಡೆಯನ್ನೂ ಬಿಟ್ಟು ಹೋದರು.

ಅಧ್ಯಕ್ಷರೇ, ಠರಾವಿನ ಕಾಗದ ಅವರ ಕುರ್ಚಿಯ ಮೇಲಿದೆ, ಓದಿಕೊಳ್ಳಿ. ನಮ್ಮ ಮನೆಯ ಕೈಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರಿಗೂ ಧನ್ಯವಾದ. ನನಗೂ ಅಪ್ಪಣೆ ಕೊಡಿ, ಅವರು ಮಳೆಯಲ್ಲಿ ನೆನೆಯುತ್ತಾರೆ, ಕೊಡೆ ಕೊಡಬೇಕು. ನಮಸ್ಕಾರ.