ನೀಲಿ ದೀಪದ ಕೆಳಗಿನ ಟಬ್ಬು

ಗುರುಪಾದ ತಂದೆ ಪರಪ್ಪ ತೇರದಾಳ, ವಯಸ್ಸು 47 ವರ್ಷ, ಉದ್ಯೋಗ ಒಕ್ಕಲುತನ, ಸಾಕಿನ್ ಕೊಣ್ಣೂರ, ತಾಲೂಕು ಗೋಕಾಕ. ಇಂದು ಬೆಳಿಗ್ಗೆ 10-15ಕ್ಕೆ ಠಾಣೆಗೆ ಖುದ್ದಾಗಿ ಬಂದು ಬರೆಸಿದ್ದೇನೆಂದರೆ:

ನನ್ನ ಮಗಳು ವಿಜಯಶ್ರೀ, ತಾನು ಮಾಡಿದ ಪಾನೀಯ ಕುಡಿದು ನನ್ನ ತಾಯಿ ಶಿವವ್ವ, 71 ವರ್ಷ, ಸತ್ತಳೆಂದು ನಿನ್ನೆ ಇಲ್ಲಿ ಬರೆಸಿದ್ದಾಳೆ. ಅದು ಖರೆಯಲ್ಲ.

ಮಗಳು ನಿಡಸೋಸಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ದಿನಾಂಕ 9-6-2024, ರವಿವಾರ, ಅವಳ ಹುಟ್ಟುಹಬ್ಬ. ಏಳು ಜನ ಗೆಳತಿಯರು ಬರುವವರಿದ್ದರು. ಟಾನಿಕ್ ವಾಟರ್ ಎಂಬ ಕಹಿ ಸೋಡಾವನ್ನು ನೀಲಿ ದೀಪದ ಕೆಳಗೆ ಇಟ್ಟರೆ ಹೊಳೆಯುತ್ತದೆ, ಕುಡಿದರೆ ಏನೂ ಆಗುವುದಿಲ್ಲ ಎಂದು ಮೊಬೈಲಿನಲ್ಲಿ ತೋರಿಸಿದಳು. ಘಟಪ್ರಭಾದಿಂದ ಎಂಟು ಬಾಟಲಿ ತಂದಳು. ದೀಪ ಸಿಗಲಿಲ್ಲವೆಂದು ಮುಖ ಸಣ್ಣದು ಮಾಡಿಕೊಂಡಳು. ಅಂಥ ದೀಪ ನಮ್ಮ ಕಬ್ಬಿನ ಹೊಲದಲ್ಲಿದೆ, ಬೇರು ತಿನ್ನುವ ಗೊಣ್ಣೆ ಹುಳದ ದುಂಬಿ ಹಿಡಿಯಲು ಹಾಕಿದ್ದು. ದುಂಬಿ ಬಿದ್ದು ಸಾಯಲೆಂದು ಅದರ ಕೆಳಗಿನ ಟಬ್ಬಿನಲ್ಲಿ ನೀರಿಗೆ ಎಣ್ಣೆ, ಅಂದರೆ ಕೀಟನಾಶಕ, ಹಾಕಿರುತ್ತೇವೆ. ಟಬ್ಬು ಬಿಚ್ಚಿದರೆ ದೀಪ ನಿಲ್ಲುವುದಿಲ್ಲ. ಅಂದು ಬೆಳಿಗ್ಗೆ 9-30ಕ್ಕೆ ನಾನೇ ಆ ನೀರು ಚೆಲ್ಲಿ, ಟಬ್ಬನ್ನು ಬೂದಿ ಹಾಕಿ ಮೂರು ಸಲ ತಿಕ್ಕಿ, ದೀಪದ ಸಮೇತ ಒಂದೂವರೆ ಕಿ.ಮೀ. ದೂರದ ಮನೆಗೆ ತಂದೆ. ವಾಸನೆ ಪೂರ್ತಿ ಹೋಗಿರಲಿಲ್ಲ. ಇದೇನು ಟಬ್ಬು ಎಂದು ಮಗಳು ಕೇಳಿದಾಗ ದೀಪದ ಬುಡ ಎಂದಷ್ಟೇ ಹೇಳಿದೆ.

ಮಧ್ಯಾಹ್ನ 4-00ಕ್ಕೆ ಕಿಟಕಿಯಿಲ್ಲದ ಕಾಳಿನ ಕೋಣೆಯ ಬಾಗಿಲು ಹಾಕಿ ದೀಪ ಹಚ್ಚಿದೆವು. ಮಗಳು ನಿಂಬೆರಸ, ಸಕ್ಕರೆ ಬೆರೆಸಿ ಗ್ಲಾಸುಗಳಿಗೆ ಹಾಕಿದಳು. ಎಲ್ಲರೂ ಕುಡಿದರು, ನಾನೂ ಕುಡಿದೆ. ಯಾರಿಗೂ ಏನೂ ಆಗಿಲ್ಲ. 4-40ಕ್ಕೆ ಉಳಿದ ಎರಡು ಬಾಟಲಿಯನ್ನು ಮಗಳು ಫೋಟೋಕ್ಕೆಂದು ಟಬ್ಬಿಗೆ ಸುರಿದಳು. ನಾನು ಮೂರು ಅಡಿ ದೂರದಲ್ಲಿದ್ದೆ. ಹುಳದ ಟಬ್ಬು ಒಳಗೆ ತಂದಿದ್ದೇನೆಂದು ಆ ಹುಡುಗಿಯರ ಮುಂದೆ ಹೇಳಲು ನಾಚಿಕೆಯಾಯಿತು. ಸುರಿಯುವುದನ್ನು ತಡೆಯಲಿಲ್ಲ.

ನನ್ನ ತಾಯಿ ಉಂಡ ತಾಟು ತೊಳೆದು ಆ ನೀರನ್ನೂ ಕುಡಿಯುವವಳು. ಉಣ್ಣುವ ಕುಡಿಯುವ ಎಲ್ಲವೂ ಪ್ರಸಾದ, ಚೆಲ್ಲಬಾರದೆಂಬುದು ಅವಳ ನೇಮ. 4-50ಕ್ಕೆ ಎಲ್ಲರೂ ಕೇಕ್ ಕತ್ತರಿಸಲು ಅಂಗಳಕ್ಕೆ ಹೋದರು. 5-05ಕ್ಕೆ ದೀಪ ಆರಿಸಲು ನಾನು ಒಳಗೆ ಬಂದೆ. ತಾಯಿ ಟಬ್ಬಿನಲ್ಲಿದ್ದುದನ್ನು ಚರಿಗೆಗೆ ಬಗ್ಗಿಸಿ ಕುಡಿದು, ಟಬ್ಬಿನ ತಳಕ್ಕೆ ನೀರು ಹಾಕಿ ಬಳಿದು ಅದನ್ನೂ ಕುಡಿಯುತ್ತಿದ್ದಳು. ಚರಿಗೆ ಆಗಲೇ ಖಾಲಿ. ಕತ್ತಲಲ್ಲಿ ಮುಖ ಕಾಣುತ್ತಿರಲಿಲ್ಲ, ಬಿಳಿ ಸೀರೆಯೊಂದೇ ಹೊಳೆಯುತ್ತಾ ಕುಳಿತಿತ್ತು. ನಾನು ನಕ್ಕು, 'ಅವ್ವಾ, ದೆವ್ವದಂಗ ಕಾಣಾಕತ್ತಿ ನೋಡ' ಎಂದೆ. ಅವಳು, 'ಆಗ್ಲಿ ತಗೊ, ದೆವ್ವ ಆದ್ರೂ ನಿನ್ನ ಬೆನ್ನ ಬಿಡಂಗಿಲ್ಲ' ಎಂದಳು. 'ಕಹಿ ಐತಿ, ಚಳಿಜ್ವರದ ಗುಳಿಗಿಯಂಗ' ಎಂದೂ ಹೇಳಿದಳು. ನನಗೆ ಟಬ್ಬಿನ ವಾಸನೆ ನೆನಪಾಯಿತು. ಆದರೂ ಮೂರು ಸಲ ತಿಕ್ಕಿದ್ದೇನಲ್ಲ ಎಂದು ಹೊರಗೆ ಹೋಗಿ ಕೇಕ್ ತಿಂದೆ.

5-40ಕ್ಕೆ ತಾಯಿ ವಾಂತಿ ಮಾಡಿಕೊಂಡಳು, ಬಾಯಲ್ಲಿ ಜೊಲ್ಲು ಸುರಿಯಿತು. ಬಾಜೂ ಮನೆಯ ಸೋಮಪ್ಪನ ಗಾಡಿಯಲ್ಲಿ 6-25ಕ್ಕೆ ಆಸ್ಪತ್ರೆ ಮುಟ್ಟಿದೆವು. ಏನು ಕುಡಿದಿದ್ದಾರೆಂದು ಡಾಕ್ಟರು ಕೇಳಿದಾಗ ಮಗಳು ಅಳುತ್ತಾ, 'ನಾ ಮಾಡಿದ್ದ ಕುಡದಾಳ್ರಿ' ಎಂದಳು. ಮನೆಯಲ್ಲಿ ಹೊಲಕ್ಕೆ ಹೊಡೆಯುವ ಎಣ್ಣೆ ಇದೆಯೇ ಎಂದು ನನ್ನನ್ನು ಕೇಳಿದರು. ಇಲ್ಲವೆಂದೆ. 7-20ಕ್ಕೆ ಡಾಕ್ಟರನ್ನು ಒಬ್ಬರನ್ನೇ ಕಂಡು, ಎಣ್ಣೆ ಹೊಟ್ಟೆಗೆ ಹೋಗಿರಬಹುದು ಎಂದೆ. ಟಬ್ಬಿನ ಮಾತು ಎತ್ತಲಿಲ್ಲ. ಆ ಐವತ್ತೈದು ನಿಮಿಷ ನನ್ನವು. 9-10ಕ್ಕೆ ತಾಯಿ ತೀರಿಕೊಂಡಳು.

ಮರುದಿನ ಶವಪರೀಕ್ಷೆಯಾದ ಮೇಲೆ ಹೊಲದಲ್ಲೇ ಮಣ್ಣು ಕೊಟ್ಟೆವು. ಯಾರಿಗೂ ಸಂಶಯ ಬರಬಾರದೆಂದು ಅದೇ ದಿನ ದೀಪ, ಟಬ್ಬು ಎರಡನ್ನೂ ಮೊದಲಿನ ಜಾಗದಲ್ಲಿ ಇಟ್ಟು ಎಣ್ಣೆ ತುಂಬಿದೆ. ಸಮಾಧಿಯಿಂದ ಅದು ನಲವತ್ತು ಅಡಿ. ಹೊತ್ತು ಮುಳುಗಿದೊಡನೆ ಆ ಸೋಲಾರ್ ದೀಪ ತಾನೇ ಹತ್ತುತ್ತದೆ, ಗುಂಡಿಯ ಮೇಲೆ ಹಾಸಿದ ಬಿಳಿ ಅರಿವೆ ಹೊಲದ ದಾರಿಯಿಂದಲೂ ಹೊಳೆಯುತ್ತಾ ಕಾಣುತ್ತದೆ. ನನಗೆ ಹೆದರಿಕೆಯಾಗುತ್ತದೆ. ಆರಿಸಲು ಹೋಗುವ ಧೈರ್ಯವಿಲ್ಲ.

ನಿನ್ನೆ ಸಂಜೆ ಮಗಳಿಗೆ ಕುಡಿಯಲು ನೀರು ಕೇಳಿದೆ. ಅವಳು ಎದ್ದು ಕೊಡದ ಹತ್ತಿರ ಹೋಗಿ, ಗ್ಲಾಸು ಮುಟ್ಟದೆ ನಿಂತು, 'ಅಪ್ಪಾ, ನನ್ನ ಕೈಲೆ ಬ್ಯಾಡ, ನೀನ ತುಂಬಕೊ' ಎಂದಳು. ಅದಕ್ಕಾಗಿ ಬಂದಿದ್ದೇನೆ.

ಬರೆದದ್ದನ್ನು ನನಗೆ ಓದಿ ಕೇಳಿಸಿದ್ದಾರೆ, ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ. ಮಗಳು ಹೊರಗೆ ಬೆಂಚಿನ ಮೇಲಿದ್ದಾಳೆ. ಅವಳನ್ನು ಕರೆದು, ನನ್ನ ಎದುರಿಗೇ, ಇದನ್ನು ಇನ್ನೊಮ್ಮೆ ಓದಬೇಕೆಂದು ವಿನಂತಿ.

ಸ್ಥಳ: ಗೋಕಾಕ
ದಿನಾಂಕ: 13-6-2024
ಸಹಿ: ಗುರುಪಾದ ಪರಪ್ಪ ತೇರದಾಳ