ಎದುರಿಗೆ ಕೂತು ಆಡೋ ಆಟ

...ಬ್ಯಾಡ ಕಣೇ ಪುಷ್ಪ, ಈ ಬಸ್ ಅತ್ಬ್ಯಾಡ. ನನ್ ಮಾತು ಕೇಳೇ! ಇವತ್ತೊಂದಿನ ರಾಬರ್ಟ್‌ಸನ್‌ಪೇಟೆಗೆ ಓಗ್ಬ್ಯಾಡ. ಸೀರೆ ಅಂಗಡಿಯೋರಿಗೆ ಜ್ವರ ಅಂತ ಏಳು, ಅಕ್ಕಂಗೆ ಉಷಾರಿಲ್ಲ ಅಂತ ಏಳು... ಏನಾದ್ರೂ ಏಳು. ಅಗೋ, ಕಾಮಸಮುದ್ರದ ಬಸ್ಸು ಇನ್ನೂ ನಿಂತೈತೆ. ಬಂಗಾರಪೇಟೆಯಿಂದ್ಲೇ ವಾಪಸ್ ಊರಿಗೆ ಓಗ್ಬಿಡಾನ, ಬಾ.

ನಗ್ತೀಯಾ? ಯಾಕೆ ನಗ್ತೀಯಾ? ತಮಾಷೆ ಅಲ್ಲ ಕಣೇ.

ಮೊನ್ನೆ ನೀನೇ ಏಳಿದ್ಯಲ್ಲ, ಅಂಗಡಿ ಎದುರಿಗೆ ಯಾವನೋ ನಿಂತ್ಕೊಂಡು ಗುರಾಯಿಸ್ತಾನೆ, ಬಸ್ ಸ್ಟಾಪ್ ತಂಕ ಬೆನ್ನಿಗೇ ಬಿದ್ದು ಬಂದು 'ಪುಷ್ಪಾ, ಇನ್ನೆಷ್ಟು ದಿನ ಆಟ ಆಡಿಸ್ತೀಯಾ' ಅಂದ, ಯಾವನೋ ತಿಕ್ಲ ಬಿಡು ಶಶಕ್ಕಾ ಅಂತ... ಅವ್ನು ತಿಕ್ಲ ಅಲ್ಲ ಕಣೇ. ನಂಗೊತ್ತು ಅವ್ನು. ಗೋಪಿ ಅಂತ.

ಎಂಗೆ ಗೊತ್ತಾ? ಏಳ್ತೀನಿ... ಏಳ್ತೀನಿ ಇರು. ಆಟದಲ್ಲಿ ಸಿಕ್ಕಿದ್ದ. ಫೋನಲ್ಲಿ. ಲೂಡೋ.

ಅಂಗೆ ಕಣ್ಣು ಬಿಡ್ಬ್ಯಾಡ. ನಂಗೆ ಆಟ ಅಂದ್ರೆ ಪ್ರಾಣ ಅಂತ ನಿಂಗೊತ್ತಿಲ್ವಾ? ಎಲ್ಲಾ ಆಟಾನೂ ಅಲ್ಲ ಮತ್ತೆ. ನಮ್ಮ ಮುನಿರಾಜು ಆಡ್ತಾನಲ್ಲ, ಢಮಾರ್ ಢಮಾರ್ ಅಂತ ಬಂದೂಕದ ಆಟ... ತಮ್ಮ ಆದ್ರೂ ಆಗ ಅವ್ನ ಅತ್ರ ಕೂರೋಕಾಗಲ್ಲ, ಎದೆ ಒಡ್ಕೋತದೆ. ಮಿಠಾಯಿ ಒಡೆಯೋ ಆಟಾನೂ ಆಡ್ದೆ. ಥೂ! ಒಬ್ಳೇ ಕೂತ್ಕೊಂಡು... ಉಪ್ಪಿಲ್ದಿರೋ ಸಾರು. ನಂಗೆ ಚೌಕಾಬಾರನೇ ಆಗ್ಬೇಕು. ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರ್ಕೊಂಡು, ಎದುರಿಗೆ ಒಬ್ರು ಕೂತಿರ್ಬೇಕು. ಕವಡೆ ಬೀಳೋವಾಗ ಅವ್ರ ಮೊಕ ನೋಡ್ಬೇಕು. ಕಾಯಿ ಒಡೆದ್ರೆ 'ನಿನ್ ಕೈ ಸೇದೋಗ' ಅಂತ ಬಯ್ಬೇಕು! ಆಗ್ಲೇ ಅದು ಆಟ.

ಆದ್ರೆ ಯಾರು ಕೂತ್ಕೋತಾರೆ ಏಳು? ಕೈಮೇಲೆ, ಮೊಕದ ಮೇಲೆ ಈ ಬಿಳಿ ಮಚ್ಚೆ ಎದ್ದ ಮೇಲೆ... ಪಕ್ಕದ್ಮನೆ ಗಂಗರತ್ನಮ್ಮ, ನಾನು ಆಕಿದ ಕವಡೇನ ಸೆರಗಲ್ಲಿ ಒರೆಸಿ ಎತ್ಕೋತಿದ್ಲು. ಆಮೇಲೆ ಬರೋದೇ ಬಿಟ್ಲು. ಅಂಟಲ್ಲ ಅಂತ ಡಾಕ್ಟ್ರು ಏಳಿದ್ರೂ ಯಾರೂ ಬರ್ಲಿಲ್ಲ. ನೀನೊಬ್ಳೇ... ನನ್ನ ಕೈಯಿಂದ ಕವಡೆ ಈಸ್ಕೊಂಡೋಳು ನೀನೊಬ್ಳೇ. ನೀನೂ ಕೆಲ್ಸಕ್ಕೆ ಓಗೋಕೆ ಶುರು ಮಾಡ್ದೆ. ತಪ್ಪು ಅಂತಲ್ಲ ಕಣೇ, ಸುಮ್ನೆ ಏಳ್ದೆ.

ಲೂಡೋದಲ್ಲಿ ಆ ಕಡೆ ಒಬ್ಬ ಮನುಷ್ಯ ಇರ್ತಾನೆ. ಮಾತೂ ಬರೀಬೋದು. ಈ ಗೋಪಿ... ನನ್ನ ಕಾಯಿ ಅವ್ನ ಬಾಯಿಗೇ ಬಂದಿದ್ರೂ ಒಡೀದೆ ಬಿಟ್ಬಿಡ್ತಿದ್ದ. ಯಾಕ್ರೀ ಬಿಟ್ರಿ ಅಂದ್ರೆ, 'ಸೋತ್ರೆ ನೀವು ಎದ್ದೋಗ್ಬಿಡ್ತೀರಲ್ಲ' ಅಂತಿದ್ದ. ನಂಬರೂ ಕೊಟ್ಟೆ. ಆಮೇಲೆ ನೋಡ್ಲೇಬೇಕು ಅಂದ. ಎದುರಿಗೆ ಬಾ ಅಂದ. ಎದ್ರಿಕೆ ಆಗಿ ಬ್ಲಾಕ್ ಮಾಡ್ಬಿಟ್ಟೆ. ಬೇರೆ ನಂಬರಿಂದ ಬಂದ. ಇವತ್ತು ಬೆಳಿಗ್ಗೆ ಏನ್ ಬರ್ದವ್ನೆ ಗೊತ್ತಾ? 'ಅಂಗಡಿ ಒಳಕ್ಕೇ ಬತ್ತೀನಿ. ಎಲ್ರ ಮುಂದೆ ಕೇಳ್ತೀನಿ. ಮಾತಾಡ್ದಿದ್ರೆ ಏನಾಯ್ತದೆ ನೋಡು' ಅಂತ! ಓದಿದ್ದೇ ನಿನ್ ಬೆನ್ನಿಗೆ ಓಡ್ಬಂದೆ.

ಪೊಲೀಸಾ? ಓಗಾನ, ಓಗಾನ... ಇವತ್ತು ಬ್ಯಾಡ. ಅವ್ರು ಫೋನ್ ಈಸ್ಕೊಂಡು ಎಲ್ಲಾ ನೋಡ್ತಾರೆ ಕಣೇ. ನೋಡಿದ್ರೇನು ಅಂತೀಯಾ? ಏನಿಲ್ಲ... ಸುಮ್ನೆ.

ಏನಂದೆ? ಆಟ ಆಡಿದ್ದು ನೀನು, ನನ್ನ ಬೆನ್ನಿಗ್ಯಾಕೆ ಬಿದ್ದ ಅಂತಾನಾ? ಅದು... ನಂಗೇನ್ ಗೊತ್ತು? ನಾವಿಬ್ರೂ ಅಕ್ಕತಂಗೀರ ಮಕ್ಳಲ್ವಾ, ಮೊಕದಲ್ಲಿ ಓಲಿಕೆ ಐತಲ್ಲ. ದೂರದಿಂದ ನೋಡಿ ನಿನ್ನನ್ನೇ ನಾನು ಅಂದ್ಕೊಂಡಿರ್ಬೇಕು...

ಪುಷ್ಪ?

ಅಂಗೆ ನೋಡ್ಬ್ಯಾಡ. ತುಟಿ ಅತ್ರದ ಮಚ್ಚೆ ಏನ್ ನೋಡ್ತೀಯಾ? ಕಣ್ಣಿನ ಸುತ್ತ ಏನ್ ನೋಡ್ತೀಯಾ? ದಿನಾ ನೋಡೋ ಮೊಕಾನೇ ಅಲ್ವಾ...

...ಗೊತ್ತಾಯ್ತು. ನಿಂಗೆ ಗೊತ್ತಾಗೋಯ್ತು.

ಫೋಟೋ ಆಕ್ಬೇಕಿತ್ತು ಕಣೇ ಆ ಲೂಡೋದಲ್ಲಿ. ಗಂಗರತ್ನಮ್ಮನ ಮಗಳ ಮದ್ವೇಲಿ ನಾವಿಬ್ರೂ ನಿಂತಿದ್ವಲ್ಲ, ಆ ಫೋಟೋ. ನನ್ನನ್ನ ಕತ್ತರಿಸ್ಬಿಟ್ಟೆ. ನಿನ್ನ ಉಳಿಸ್ಕೊಂಡೆ. ಎಸ್ರೂ ನಿಂದೇ. ಎಲ್ಲಿ ಕೆಲ್ಸ ಅಂದ, ನಿನ್ ಅಂಗಡಿ ಏಳ್ದೆ. ಯಾವ ಬಣ್ಣ ಇಷ್ಟ ಅಂದ, ಅದೂ ನಿಂದೇ ಏಳ್ದೆ. ಆಟ... ಆಟ ಒಂದೇ ಕಣೇ ನಂದು. ಆಡಿದ್ದು ಮಾತ್ರ ನಾನೇ.

ಬಯ್ಯೇ. ಒಡಿಯೇ ಬೇಕಾದ್ರೆ. ಇಂಗೆ ಮೊಕ ತಿರುಗಿಸ್ಬ್ಯಾಡ...

ಎಲ್ಲಿಗೆ? ಪುಷ್ಪಾ, ಅತ್ಬ್ಯಾಡ! ಅವ್ನು ಅಲ್ಲೇ... ಸರಿ. ಬಸ್ ಅತ್ತು. ನಾನೂ ಬತ್ತೀನಿ. ಅಂಗಡಿ ಬಾಗ್ಲಲ್ಲಿ ನಾನೇ ನಿಂತ್ಕೋತೀನಿ, ಮೊಕದ ಮೇಲೆ ಸೆರಗು ಎಳ್ಕೊಳ್ದೆ. ಆಡಿದ್ದು ನಾನು ಅಂತ ಏಳ್ತೀನಿ. ಒಡೆದ್ರೆ ಒಡೀಲಿ. ಅದಕ್ಕಲ್ಲ ಕಣೇ ನಂಗೆ ಎದ್ರಿಕೆ... ನೋಡಿದ್ದೇ ಕೈ ಒರೆಸ್ಕೋತಾನೇನೋ ಅಂತ.

ನಿನ್ ಪಕ್ಕದ ಸೀಟಲ್ಲಿ ಬ್ಯಾಗ್ ಇಟ್ಯಾ...? ಯಾರಾದ್ರೂ ಬತ್ತಾರಾ?

ಇರ್ಲಿ. ಇರ್ಲಿ ಬಿಡು. ನಾನು ನಿಂತ್ಕೊಂಡೇ ಬತ್ತೀನಿ.