ಹತ್ತಕ್ಕೆ ಅರ್ಧ ಸೆಕೆಂಡ್ ಕಮ್ಮಿ

ಬಸ್ಸು ತಿಪಟೂರು ಬಿಟ್ಟಾಗಿನಿಂದಲೂ ಹನುಮಕ್ಕನ ಮುಂದಿನ ಸೀಟಿನಲ್ಲಿ ಕೂತ ಹುಡುಗ, ಹುಡುಗಿ ಕಚ್ಚಾಡುತ್ತಲೇ ಇದ್ದರು.

“ರುದ್ರೇಶ, ನೀನು ಕಟ್ಟಿರೋ ಕಂಪ್ಯೂಟರ್ ಭಾಷೆಗೆ ತಾರೀಖು, ಟೈಮು ಓದೋಕೇ ಬರಲ್ಲ. ಹತ್ತಾಗೋಕೆ ಇನ್ನೂ ಅರ್ಧ ಸೆಕೆಂಡ್ ಇದ್ರೂ ಹತ್ತು ಅಂತ ರೌಂಡ್ ಮಾಡ್ತದೆ.”

“ಅರ್ಧ ಸೆಕೆಂಡಿಗೆ ಏನು ಮುಳುಗೋಯ್ತದೆ ಮಧುಶ್ರೀ?”

“ಕೊಬ್ಬರಿ ಸಂಘದ ನೋಂದಣಿ ನಡೆಯೋದು ಅದ್ರಲ್ಲೇ, ಹತ್ತಕ್ಕೆ ಬಂದ್. ಟೈಮಿಗೆ ಬಂದೋರನ್ನೂ ತಡ ಅಂತ ಆಚೆಗೆ ಹಾಕೈತೆ.”

“ಅರ್ಧ ಆದ್ರೆ ಮುಂದಿನದಕ್ಕೇ ಸೇರ್ಸೋದು ಕಣೇ. ಅದು ಲೆಕ್ಕ.”

“ಅಟ್ಟದ ಮೇಲಿನ ಕಾಯಿ ಅಲ್ಲಾಡ್ಸಿದಾಗ ಒಳಗಿನ್ನೂ ನೀರಿದ್ರೆ, ಕೊಬ್ಬರಿ ಆಯ್ತು ಅಂತ ಸುಲಿದುಬುಡ್ತೀಯಾ? ಹತ್ತು ಮುಟ್ಟೋವರ್ಗೂ ಒಂಬತ್ತೇ ಕಣಪ್ಪ. ಚಿಲ್ಲರೆ ಸೆಕೆಂಡು ಕತ್ತರ್ಸಿ ಬಿಸಾಕು, ಮೇಲಕ್ಕೆ ಏರಿಸ್ಬೇಡ.”

“ಸದ್ದಿಲ್ದೆ ಸರಿ ಮಾಡ್ತೀನಿ, ಬಾಯಿ ಮುಚ್ಕೊಂಡಿರು.”

“ಆಚೆ ಹೋದೋರ ಗತಿ?”

“ಮೂರೇ ಜನ. ಹಳ್ಳಿಯೋರು. ಅವ್ರಿಗೇನು ಗೊತ್ತಾಯ್ತದೆ ಬುಡು.”

“ಥೂ, ನಿನ್ನ!”

ಕೆರೆ ಏರಿಯ ಹತ್ತಿರ ಇಬ್ಬರೂ ಮುಖ ತಿರುಗಿಸಿಕೊಂಡೇ ಇಳಿದರು. ಹನುಮಕ್ಕನ ಊರು ಇನ್ನೂ ಮುಂದಿತ್ತು. ಆದರೂ ಅವಳು ಸೆರಗಿನ ಗಂಟು ಬಿಚ್ಚಿ, ‘ಹತ್ತು ಗಂಟೆ, ತಡವಾಗಿದೆ’ ಎಂದು ಅಚ್ಚಾದ ಸಂಘದ ಚೀಟಿಯನ್ನು ಕೈಯಲ್ಲಿ ಹಿಡಿದು, ಅವರ ಹಿಂದೆಯೇ ಇಳಿದಳು.